ವಂಶಾವಳಿಯಲ್ಲಿ ಇಲ್ಲದವರು

ಐದು ತುಂಬಿದರೂ ನನ್ನ ಮಗ ಮೆಟ್ಟಿಲು ಹತ್ತುವಾಗ ಮೊಣಕಾಲಿಗೆ ಕೈ ಊರುತ್ತಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಜೀನ್ ಪರೀಕ್ಷೆ ಮಾಡಿಸಿದೆವು. ಒಂದು ವ್ಯತ್ಯಾಸ ಸಿಕ್ಕಿದೆ, ಆದರೆ ಸ್ನಾಯು ಕ್ಷೀಣಿಸುವ ಕಾಯಿಲೆಗೆ ಅದೇ ಕಾರಣವೋ ಅಲ್ಲವೋ ಹೇಳಲಾಗದು ಎಂದು ರಿಪೋರ್ಟ್ ಬಂತು. ಅಷ್ಟೆಲ್ಲ ವಿಜ್ಞಾನ ಮಾಡಿ ಕೊನೆಗೆ "ಹೇಳಲಾಗದು"! ಇದು ತಾಯಿಯ ಕಡೆಯಿಂದ, ಅಂದರೆ ನನ್ನ ಕಡೆಯಿಂದ, ಬರುವ ಕಾಯಿಲೆಯಂತೆ. ನಿಮ್ಮ ಅಮ್ಮನ ತವರಿನವರ ವಿವರ ತನ್ನಿ ಎಂದರು ಅಲ್ಲಿನ ಡಾಕ್ಟರಮ್ಮ. ನನಗಿಂತ ಆತುರ ನನ್ನ ತಂಗಿಗಿತ್ತು. ಅವಳಿಗೆ ಆಗ ಮೂರು ತಿಂಗಳು. ಹೊಟ್ಟೆಯಲ್ಲಿರುವ ಮಗುವಿಗೂ ಇದೇ ಬರುತ್ತದೋ ಎಂದು ಅವಳಿಗೆ ತಿಳಿಯಬೇಕಿತ್ತು, ಅದೂ ಐದು ತಿಂಗಳೊಳಗೆ; ಆಮೇಲೆ ಬಸಿರು ತೆಗೆಸುವುದು ಕಷ್ಟ.

ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಹಾಗಾಗಿ ಬೆಳ್ಳೂರಿನ ಸೋದರಮಾವನಿಗೆ ಹೇಳಿದೆ. ನಿವೃತ್ತ ಕನ್ನಡ ಮಾಸ್ತರು. ಕುಟುಂಬದವರು ಅಚ್ಚು ಹಾಕಿಸಿದ ವಂಶಾವಳಿ ಪುಸ್ತಕವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಹನ್ನೊಂದು ತಲೆಮಾರು! ಡಾಕ್ಟರಮ್ಮ ಹಾಳೆ ಮಗುಚಿ ಮಗುಚಿ, "ಇದರಲ್ಲಿ ಹೆಂಗಸರೇ ಇಲ್ಲವಲ್ಲ?" ಎಂದರು.

"ಮದುವೆಯಾಗಿ ಹೋದವರನ್ನು ಹಾಕುವ ಕ್ರಮ ನಮ್ಮಲ್ಲಿಲ್ಲ," ಎಂದರು ಮಾವ. ನನ್ನನ್ನು ಹೆತ್ತವಳೇ ಅದರಲ್ಲಿರಲಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹೀಗೆ ಕಾಲು ಸೋತ ಹುಡುಗರು ಯಾರಾದರೂ ಇದ್ದರೇ ಎಂದು ಡಾಕ್ಟರಮ್ಮ ಕೇಳಿದರೆ, "ಯಾರೂ ಇಲ್ಲ." ಹಾಗಾದರೆ ನಿಮ್ಮ ರಕ್ತವನ್ನಾದರೂ ಕೊಡಿ, ಗಟ್ಟಿಮುಟ್ಟಾಗಿರುವ ನಿಮ್ಮಲ್ಲೂ ಅದೇ ವ್ಯತ್ಯಾಸವಿದ್ದರೆ ಅದು ಕಾರಣವಲ್ಲ ಎಂದು ಗೊತ್ತಾಗುತ್ತದೆ ಎಂದರು. "ನೋಡುವ," ಎಂದು ಮಾವ ಬಸ್ಸು ಹತ್ತಿದರು.

ನೋಡುವ, ನೋಡುವ ಎನ್ನುತ್ತಲೇ ಒಂದೂವರೆ ತಿಂಗಳು ಹೋಯಿತು. ಫೋನ್ ಮಾಡಿದರೆ ಒಂದು ದಿನ ಪೂಜೆ, ಒಂದು ದಿನ ಜ್ವರ. ಕೊನೆಗೆ ಕುಂಜತ್ತೂರಿನಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ, ಬಾಯಿಬಿಟ್ಟರು.

"ನಮಗೆ ಇನ್ನೂ ಇಬ್ಬರು ತಮ್ಮಂದಿರು ಇದ್ದರು ಮಗಾ. ನಡೆಯಲಿಕ್ಕೆ ಆಗುತ್ತಿರಲಿಲ್ಲ. ಮದುವೆ ಪ್ರಾಯಕ್ಕೆ ಮೊದಲೇ ಹೋದರು. ಅಂಥವರನ್ನು ಪುಸ್ತಕದಲ್ಲಿ ಹಾಕುವುದಿಲ್ಲ. ಸಣ್ಣವನನ್ನು ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದದ್ದು ನಿನ್ನ ಮಾವನೇ."

ಬೆನ್ನ ಮೇಲೆ ಹೊತ್ತವರಿಗೆ ಮರೆವೇ! ಮೈಯೆಲ್ಲ ಉರಿದುಹೋಯಿತು. ನೇರ ಬೆಳ್ಳೂರಿಗೆ ಹೋಗಿ ಜಗಲಿಯಲ್ಲೇ ಕೇಳಿದೆ.

"ಮಗಳಿಗೊಂದು ಸಂಬಂಧ ಕೂಡಿ ಬರ್ತಾ ಉಂಟು. ಇದು ಹೊರಗೆ ಬಿದ್ದರೆ ಅವಳ ಗತಿ ಎಂತ?" ಎಂದರು.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಮಾವನ ಕೈಗೆ ಕೊಟ್ಟೆ. ಕಾಯಿಲೆ ಇಲ್ಲದ ಗಂಡಸಿನಿಂದ ಮಕ್ಕಳಿಗೆ ಇದು ಹೋಗುವುದಿಲ್ಲ, ನಿಮ್ಮ ಮಗಳಿಗೆ ಭಯವೇ ಇಲ್ಲ ಎಂದು ಅವರು ವಿವರಿಸಿದರು. ಮಾವ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಮರುದಿನವೇ ಬಂದು ರಕ್ತ ಕೊಟ್ಟರು. ನನ್ನ ಮಗ ಹೇಗಿದ್ದಾನೆ ಎಂದು ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ರಿಪೋರ್ಟ್ ಬರುವಾಗ ತಂಗಿಗೆ ಆರು ತಿಂಗಳು. ಮಾವನಲ್ಲಿ ಆ ವ್ಯತ್ಯಾಸ ಇರಲಿಲ್ಲ. ಸತ್ತ ಇಬ್ಬರ ಸಂಗತಿಯನ್ನೂ ಸೇರಿಸಿ ನೋಡಿದರೆ ಅದೇ ಕಾರಣ ಎನ್ನಬಹುದು, ಇನ್ನು ತಂಗಿಯ ರಕ್ತ ನೋಡುವ ಎಂದರು ಡಾಕ್ಟರಮ್ಮ. ಓಡೋಡಿ ಅವಳ ಮನೆಗೆ ಹೋದೆ.

ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಒದೆಯುತ್ತಾ ಉಂಟು, ನೋಡಕ್ಕ. ಇನ್ನು ನನಗೆ ಎಂತದೂ ಹೇಳಬೇಡ."