ನನ್ನ ಹೆಸರಿನ ಹೋತ

ಝಳಕಿಯ ಪಂಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಾನು ಕಲಿಮಾ ಓದಿ ಮುಸಲ್ಮಾನನಾದೆ. ಯಾಕೆ ಅಂತ ಕೇಳುವವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ಕಥೆಯೇನಿಲ್ಲ. ಮಾಲೀಕರು ಶುಕ್ರವಾರದ ನಮಾಜಿಗೆ ಹೊರಟಾಗ ಒಂದು ದಿನ ಸುಮ್ಮನೆ ಜೊತೆಗೆ ಹೋದೆ. ಲಂಬಾಣಿ ತಾಂಡಾದವನು ಅಂತ ಯಾರೂ ಸರಿದು ನಿಲ್ಲಲಿಲ್ಲ, ಹೆಗಲಿಗೆ ಹೆಗಲು ತಾಗಿಸಿಯೇ ನಿಂತರು. ಅದು ಮನಸ್ಸಿಗೆ ಹಿಡಿಯಿತು. ಎರಡು ವರ್ಷ ಹೋಗುತ್ತಲೇ ಇದ್ದೆ, ಆಮೇಲೆ ಒಪ್ಪಿಕೊಂಡೆ. ಒಪ್ಪುವಾಗ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ಮನೆಗೆ ಹೇಳುವುದಕ್ಕೆ ಮಾತ್ರ ಹೆದರಿದೆ, ಹೇಳಲೇ ಇಲ್ಲ.

ನಮ್ಮ ತಾಂಡಾ ನಿಡಗುಂದಿ ಕಡೆ. ಪಕ್ಕದ ತಾಂಡಾದಲ್ಲಿ ಒಬ್ಬ ಹೀಗೆಯೇ ದೇವರು ಬದಲಿಸಿದ್ದಕ್ಕೆ ಪಂಚರು ಅವನ ತಾಯಿಯನ್ನು ಹೊರಗಿಟ್ಟಿದ್ದರು. ಮಗ ದೂರದ ಊರಲ್ಲಿ ಆರಾಮಾಗಿದ್ದ. ಮುದುಕಿಯನ್ನು ಮಾತ್ರ ಯಾರೂ ಮದುವೆ ಮುಂಜಿಗೆ ಕರೆಯುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಸತ್ತಾಗ ಹೆಗಲು ಕೊಡಲು ನಾಲ್ಕು ಜನ ಸಿಗಲಿಲ್ಲ. ಇದನ್ನು ನಮ್ಮಣ್ಣ ಫೋನಿನಲ್ಲಿ, "ಹಂಗ ಆಗಬೇಕು ಅಂಥವರಿಗೆ" ಅಂತ ಖುಷಿಯಿಂದ ಹೇಳಿದ್ದ. ನಾನು ಹೂಂ ಹೂಂ ಅಂದಿದ್ದೆ. ಅಂಥ ಶೂರ ನಾನು.

ಇದಾಗಿ ಸ್ವಲ್ಪ ದಿನಕ್ಕೆ ಯಾಡಿ ಫೋನ್ ಮಾಡಿದಳು. ನಮ್ಮಲ್ಲಿ ತಾಯಿಗೆ ಯಾಡಿ ಅನ್ನುತ್ತೇವೆ. ಹಿಂದೊಮ್ಮೆ ಕಾಮಾಲೆಯಾಗಿ ನಾನು ಬದುಕುವುದೇ ಅನುಮಾನವಾಗಿದ್ದಾಗ ಆಕೆ ಮರಿಯಮ್ಮನಿಗೆ ಒಂದು ಹೋತದ ಹರಕೆ ಹೊತ್ತಿದ್ದಳು. ಈಗ ಹೋತ ಬೆಳೆದಿದೆ, ಮಂಗಳವಾರ ಬಾ ಅಂದಳು. ಬರುತ್ತೇನೆ ಅಂದುಬಿಟ್ಟೆ. ಹರಕೆಯ ಹೋತ ಕಡಿದಾಗ ಅದರ ರಕ್ತ, ಕರುಳು ಹಾಕಿ ಸಳೋಯಿ ಅಂತ ಮಾಡುತ್ತೇವೆ. ಯಾರ ಹೆಸರಿನ ಹರಕೆಯೋ ಅವನೇ ಎಲ್ಲರ ಎದುರು ಅದರ ಮೊದಲ ತುತ್ತು ತಿನ್ನಬೇಕು. ತಿನ್ನದಿದ್ದರೆ ಹರಕೆ ಮುಟ್ಟುವುದಿಲ್ಲ, ದೇವಿ ಕೊಟ್ಟ ಜೀವವನ್ನು ವಾಪಸ್ ಕೇಳುತ್ತಾಳೆ ಅನ್ನುತ್ತಾರೆ. ನನಗಾದರೋ ಈಗ ರಕ್ತವೂ ಹರಾಮು, ಬೇರೆ ದೇವರಿಗೆ ಕಡಿದದ್ದೂ ಹರಾಮು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆಪ ಹುಡುಕಿದೆ. ಹಲ್ಲುನೋವು ಅನ್ನಲೇ? ವಾಂತಿ ಅನ್ನಲೇ? ಒಂದೂ ನಂಬುವ ಹಾಗಿರಲಿಲ್ಲ. ನಿಡಗುಂದಿಯಲ್ಲಿ ಇಳಿಯುವ ಹೊತ್ತಿಗೆ, ತಿಂದುಬಿಡುತ್ತೇನೆ, ಯಾಡಿ ತಾಂಡಾದಲ್ಲಿ ಉಳಿಯಲಿ, ಅಲ್ಲಾಹ ಕ್ಷಮಿಸಲಿ ಅಂತ ತೀರ್ಮಾನಿಸಿದ್ದೆ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಎಲ್ಲರೂ ಊಟಕ್ಕೆ ಕೂತರು. ಪಕ್ಕದಲ್ಲಿ ಅಣ್ಣ, ಎದುರಿಗೆ ತಾಂಡಾದ ನಾಯಕರು. ಯಾಡಿ ಒಂದು ಮುಚ್ಚಿದ ಬಟ್ಟಲು ತಂದು ನನ್ನ ತಾಟಿಗೆ ಕರ್ರಗಿನ ಸಳೋಯಿ ಸುರಿದಳು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ರೊಟ್ಟಿ ಮುರಿದು ಚೂರಿಗೆ ಒಂದಿಷ್ಟು ಬಳಿದುಕೊಂಡೆ. ಕೊನೆಗೆ ಕಣ್ಣುಮುಚ್ಚಿ ಬಾಯಿಗಿಟ್ಟೆ.

ಸಳೋಯಿ ಆಗಿರಲಿಲ್ಲ. ಸಣ್ಣಗೆ ಹೆಚ್ಚಿ, ಖಾರ ಹಾಕಿ ಕಪ್ಪಾಗುವಷ್ಟು ಹುರಿದ ಬರೀ ಕಲೀಜ, ಲಿವರ್ ಅಂತಾರಲ್ಲ ಅದು.

ಯಾಡಿ ರೊಟ್ಟಿ ಹಾಕುವ ನೆಪದಲ್ಲಿ ಬಾಗಿ ಪಿಸುಗುಟ್ಟಿದಳು: "ನಿಡಗುಂದಿ ಅಂಗಡೀದು. ಮುಲ್ಲಾ ಕೊಯ್ದದ್ದ ಐತಿ. ಸುಮ್ಮನ ಉಣ್ಣು."

"ಹರಕಿ ಮುಟ್ಟಿತಪಾ," ಅಂದರು ನಾಯಕರು.

ಹಿಂದಿನ ಸಲ ಬಂದಾಗ ನಾನು ನಮಾಜಿಗೆಂದು ನಲ್ಲಿಯ ಹತ್ತಿರ ಮೊಣಕೈತನಕ ತೊಳೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಿದ್ದನ್ನು ಆಕೆ ನೋಡಿದ್ದಳಂತೆ. ಆದರೂ ಬಾಯಿ ಬಿಟ್ಟು ಒಂದು ಮಾತು ಕೇಳಿರಲಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಊಟವಾದ ಮೇಲೆ ಯಾಡಿ ಕಾಣಲಿಲ್ಲ. ಹುಡುಕುತ್ತ ಹೋದರೆ ಮರಿಯಮ್ಮನ ಕಲ್ಲಿನ ಮುಂದೆ ಒಬ್ಬಳೇ ಮೊಣಕಾಲೂರಿ ಕೂತು, ಗಲ್ಲಗಲ್ಲ ಬಡಿದುಕೊಳ್ಳುತ್ತಿದ್ದಳು. ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಿನಗ ಮೋಸ ಮಾಡಿದಾಕಿ ನಾನು, ಯವ್ವಾ. ಅವನ ತಪ್ಪಲ್ಲ. ಜೀವ ಬೇಕಂದ್ರ ನಂದು ತಗೋ..."

ಆ ಕಲ್ಲಿನಲ್ಲಿ ಯಾರೂ ಇಲ್ಲ ಅಂತ ನಂಬಿದವನು ನಾನು. ಆದರೂ ಓಡಿಹೋಗಿ ಆಕೆಯ ಬಾಯಿ ಮುಚ್ಚಿದೆ. ಈಗಲೂ ಯಾಡಿಗೆ ಜ್ವರ ಅಂತ ಫೋನ್ ಬಂದರೆ, ನಮಾಜಿನ ಚಾಪೆಯ ಮೇಲೆ ಕೂತೇ ಹೆದರುತ್ತೇನೆ, ಆ ಮಾತು ದೇವಿಗೆ ಕೇಳಿಸಿಬಿಟ್ಟಿತ್ತೇನೋ ಅಂತ.