ಅರ್ಧ ನೋಡಿದ ಹಿಪ್ಪಿ ಸಿನಿಮಾ

ಹಿಪ್ಪಿ ಎಂದರೆ ಯಾರೆಂದು ನನಗೆ ಇವತ್ತಿಗೂ ನೆಟ್ಟಗೆ ಗೊತ್ತಿಲ್ಲ. ನಾನು ಹುಡುಗಿಯಾಗಿದ್ದಾಗ ಹೊನ್ನಾಳಿಯಲ್ಲಿ ಕ್ಷೌರಕ್ಕೆ ಹೋಗಲು ಸೋಮಾರಿತನ ಮಾಡಿದವರನ್ನೆಲ್ಲ ಹಿಪ್ಪಿ ಎನ್ನುತ್ತಿದ್ದರು. ಯೋಚಿಸಿದರೆ, ಕೂದಲು ಬಿಟ್ಟು ಮನೆ ಬಿಟ್ಟವರು ನಮ್ಮ ನಾಡಿಗೇನೂ ಹೊಸಬರಲ್ಲ. ಗಂಡಸು ಹಾಗೆ ಹೊರಟರೆ ಕಾಲಿಗೆ ಬಿದ್ದು ಭಿಕ್ಷೆ ನೀಡುತ್ತೇವೆ. ಹೆಂಗಸು ಹೊರಟರೆ ಹುಡುಕಿ ತರಲು ಜನ ಅಟ್ಟುತ್ತೇವೆ.

ನಾನು ಹೊರಟದ್ದು ಬಹಳ ದೂರವೇನಲ್ಲ, ಟಾಕೀಸಿನವರೆಗೆ. ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಜೊತೆಗೆ ಗೆಳತಿ ನೂರ್‌ಜಹಾನ್. ಹಿಪ್ಪಿಗಳ ಹಿಂದಿ ಸಿನಿಮಾ ಬಂದಿತ್ತು. ನನಗೆ ಹಿಂದಿ ಬಾರದು. ಅವಳು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ತೆರೆಯ ಮೇಲೆ ಒಬ್ಬ ಹುಡುಗಿ ಜಡೆ ಬಿಚ್ಚಿ, ಚಪ್ಪಲಿ ಎಸೆದು, ಗಿಟಾರಿನವರ ಜೊತೆ ಲಾರಿ ಹತ್ತಿದಳು. ಅಷ್ಟರಲ್ಲಿ ಇಂಟರ್‌ವಲ್. ದೀಪ ಹತ್ತಿದಾಗ ಎದುರಿಗೆ ಶೇಂಗಾ ಪೊಟ್ಟಣ ಹಿಡಿದ ನನ್ನ ಅಣ್ಣ! ರಟ್ಟೆ ಹಿಡಿದು ಎಳೆದುಕೊಂಡು ಹೋದ. ನನ್ನನ್ನು ಮನೆಗೆ ಮುಟ್ಟಿಸಿ, ಉಳಿದರ್ಧ ನೋಡಲು ವಾಪಸು ಹೋದ. ನನ್ನ ಓದು ಅಲ್ಲಿಗೇ ನಿಂತಿತು. ಆ ಬೇಸಿಗೆಯಲ್ಲೇ ಮದುವೆ ಮಾಡಿ ಜಗಳೂರಿಗೆ ಕಳಿಸಿದರು.

ಆದರೆ ಆ ಹುಡುಗಿಯನ್ನು ನಾನು ಲಾರಿಯಿಂದ ಇಳಿಸಲೇ ಇಲ್ಲ. ರೊಟ್ಟಿ ತಟ್ಟುವಾಗ, ಕಾಳು ಹಸನು ಮಾಡುವಾಗ, ಅವಳು ಈಗ ಎಲ್ಲಿಗೆ ಮುಟ್ಟಿರಬಹುದು ಎಂದು ಅಂದಾಜು ಕಟ್ಟುತ್ತಿದ್ದೆ. ಒಮ್ಮೆ ಸಮುದ್ರ, ಒಮ್ಮೆ ಹಿಮಾಲಯ. ನಾನು ಕಾಣದ ಊರಿಗೆಲ್ಲ ಅವಳನ್ನು ಕಳಿಸಿದೆ.

ನರ್ಸ್ ಕೆಲಸದಿಂದ ನಿವೃತ್ತಳಾಗಿರುವ ನೂರ್‌ಜಹಾನ್ ಮೊನ್ನೆ ಹೊನ್ನಾಳಿಯಿಂದ ಬಂದಳು. ಅವಳ ಮೊಬೈಲಿನಲ್ಲಿ ಆ ಸಿನಿಮಾ ಸಿಕ್ಕಿತ್ತು. ಅಂದು ಅವಳೂ ನನ್ನ ಹಿಂದೆಯೇ ಎದ್ದು ಬಂದಿದ್ದಳಂತೆ.

"ನೀನಿಲ್ದೆ ನಾನೊಬ್ಳೇ ಹೆಂಗೆ ನೋಡ್ಲಿ?" ಎಂದಳು.

ಪಡಸಾಲೆಯಲ್ಲಿ ಕೂತು ಮೊದಲಿನಿಂದ ನೋಡಿದೆವು. ಉಳಿದರ್ಧದಲ್ಲಿ ಹುಡುಗಿಗೆ ಜ್ವರ ಬರುತ್ತದೆ, ಅಪ್ಪ ಬರುತ್ತಾನೆ, ಅವಳು ಅವನ ಕಾಲಿಗೆ ಬೀಳುತ್ತಾಳೆ. ಕೊನೆಗೆ ಎಣ್ಣೆ ಹಚ್ಚಿ ಬಿಗಿದ ಜಡೆ, ತಲೆ ಮೇಲೆ ಸೆರಗು, ಶಹನಾಯಿ.

"ಇಷ್ಟೇ ಏನೇ?" ಎಂದೆ. "ಇದನ್ನ ನೋಡಾಕೆ ಟಾಕೀಸಿಗೆ ಯಾಕೆ ಹೋಗಬೇಕಿತ್ತು? ನಮ್ಮನೇಲೇ ನಡೀತಲ್ಲ."

ನಗುತ್ತಾಳೆ ಅಂದುಕೊಂಡಿದ್ದೆ. ನೂರ್‌ಜಹಾನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನನಗೆ ಅಳುವೂ ಬರಲಿಲ್ಲ. ಐವತ್ತು ವರ್ಷ ಊರೂರು ಅಲೆದವಳು ಒಂದೇ ಗಳಿಗೆಯಲ್ಲಿ ನನ್ನ ಅಡುಗೆಮನೆಗೆ ಬಂದು ಕೂತಂತಾಗಿತ್ತು. ಇನ್ನು ಯಾರನ್ನು ಎಲ್ಲಿಗೆ ಕಳಿಸಲಿ?

ಸೊಸೆ ಪವಿತ್ರ ಚಹಾ ತಂದಳು. ಮೊದಲರ್ಧವನ್ನು ಅವಳೂ ಬಾಗಿಲಲ್ಲಿ ನಿಂತು ನೋಡಿದ್ದಳು.

"ಆ ಹುಡುಗಿ ಕೊನೀಗೆ ಏನಾದ್ಲು ಅತ್ತೆ?"

"ನೆಟ್ ಹೋತು ಕಣಮ್ಮ. ಕೊನೆ ಕಾಣಲಿಲ್ಲ" ಎಂದೆ. ನೂರ್‌ಜಹಾನ್ ಹೌದೆಂದು ತಲೆಯಾಡಿಸಿದಳು.

"ಹೋಗ್ಲಿ ಬಿಡ್ರಿ" ಎಂದಳು ಪವಿತ್ರ. "ಮನೆಗೇ ಬಂದಿರ್ತಾಳೆ. ಇನ್ನೆಲ್ಲಿಗೆ ಹೋಗಾಕೆ ಆಗತೈತೆ?"

ಲೋಟಗಳನ್ನು ಇಟ್ಟು ಒಳಗೆ ಹೋದಳು. ಒಲೆಯ ಮೇಲೆ ಏನೋ ಬೇಯುತ್ತಿತ್ತು. ನಾವಿಬ್ಬರು ಮುದುಕಿಯರು ಮುಖ ಮುಖ ನೋಡಿಕೊಂಡೆವು. ಸುಳ್ಳು ಹೇಳುವುದನ್ನೂ ತಡವಾಗಿ ಕಲಿತಿದ್ದೆವು.