ಕೃಷ್ಣನ ಪಥ್ಯ

ಸೀತಾಂಗೋಳಿಯ ನಮ್ಮ ಮನೆಯ ದೇವರ ಗೂಡಿನಲ್ಲಿ ಹೆಬ್ಬೆರಳುದ್ದದ ಹಿತ್ತಾಳೆಯ ಕೃಷ್ಣನಿದ್ದಾನೆ. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದವನು. ಚಳಿಗಾಲದಲ್ಲಿ ಅವನಿಗೆ ಬಿಸಿನೀರಿನ ಸ್ನಾನ, ಸೆಕೆಗಾಲದಲ್ಲಿ ರೇಷ್ಮೆ ತುಂಡು ಬಿಚ್ಚಿ ಹತ್ತಿಯದ್ದು ಉಡಿಸುವುದು. ಪ್ರತಿ ಶುಕ್ರವಾರ ಕಾಯಿಹಾಲಿನ ಪಾಯಸ. ಅದನ್ನು ಅವನ ಮುಂದಿಟ್ಟು, ಬಾಗಿಲು ಓರೆ ಮಾಡಿ, ಅಮ್ಮ ಹೊರಗೆ ಕಾಯುತ್ತಿದ್ದಳು. ಉಣ್ಣುವವರನ್ನು ನೋಡುತ್ತ ನಿಲ್ಲಬಾರದಂತೆ. ಆಮೇಲೆ ಅದೇ ಬಟ್ಟಲಿನಿಂದ ತಾನೂ ಉಣ್ಣುತ್ತಿದ್ದಳು.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಬೆಲ್ಲ ನಿಲ್ಲಿಸಿದರು. ಮುಂದಿನ ಶುಕ್ರವಾರ ನೋಡಿದರೆ ಕೃಷ್ಣನ ಪಾಯಸದಲ್ಲೂ ಬೆಲ್ಲವಿಲ್ಲ. ಅವನಿಗೂ ವಯಸ್ಸಾಯಿತಲ್ಲ ಎಂದಳು.

ನಾನಾಗ ಕಾಸರಗೋಡಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಓದುತ್ತಿದ್ದೆ. ನಾಲ್ಕಕ್ಷರ ಕಲಿತ ಸೊಕ್ಕು ಬೇರೆ. ಅದೇ ವಾರ ಪಾಠದಲ್ಲಿ ಹಳೇ ಗ್ರೀಸಿನ ತತ್ವಜ್ಞಾನಿಯೊಬ್ಬ ಸಿಕ್ಕಿದ್ದ. ಮನುಷ್ಯರು ತಮ್ಮದೇ ಮೈ, ಬಟ್ಟೆ, ಮಾತುಗಳನ್ನು ದೇವರ ಮೇಲೆ ಹೊರಿಸುತ್ತಾರೆ, ದನ ಕುದುರೆಗಳಿಗೆ ಕೈಯಿದ್ದಿದ್ದರೆ ಅವು ದನದಂಥ, ಕುದುರೆಯಂಥ ದೇವರನ್ನೇ ಬಿಡಿಸುತ್ತಿದ್ದವು ಎಂದವನು. ದೇವರು ಮೈಯಲ್ಲಾಗಲಿ ಬುದ್ಧಿಯಲ್ಲಾಗಲಿ ನಮ್ಮ ಹಾಗಿಲ್ಲ ಎಂಬುದು ಅವನ ವಾದ. ಬಸ್ಸಿಳಿದು ನೇರ ಅಡುಗೆಮನೆಗೆ ಹೋಗಿ ಅಮ್ಮನಿಗೆ ಅದನ್ನೆಲ್ಲ ಒಪ್ಪಿಸಿದೆ. ನೀನು ಕೃಷ್ಣನಿಗೆ ನಿನ್ನ ಕಾಯಿಲೆಯನ್ನೂ ಅಂಟಿಸಿದ್ದೀ ಎಂದು ನಕ್ಕೆ.

ಅಮ್ಮ ಸೌಟು ಕೆಳಗಿಟ್ಟು ಕೇಳಿದಳು: “ಹಾಗಾದ್ರೆ ಅವನಿಗೆ ನನ್ನ ಹಾಗೆ ಎಂತದ್ದೂ ಇಲ್ವಾ ಮಗಾ?”

“ಎಂತದ್ದೂ ಇಲ್ಲ,” ಎಂದೆ.

ಮರು ಶುಕ್ರವಾರ ಪಾಯಸಕ್ಕೆ ಬೆಲ್ಲ ಬಿದ್ದಿತ್ತು. ವಾದದಲ್ಲಿ ಗೆದ್ದೆನೆಂದು ಬೀಗುತ್ತ ಇಡೀ ಬಟ್ಟಲನ್ನು ನಾನೇ ಖಾಲಿ ಮಾಡಿದೆ. ಅಮ್ಮ ತಿನ್ನುವಂತಿರಲಿಲ್ಲವಲ್ಲ. ಗೋಡೆಗೊರಗಿ ಕುಳಿತು ನಾನು ತಿನ್ನುವುದನ್ನೇ ನೋಡುತ್ತಿದ್ದಳು. ಅವಳು ಇರುವ ತನಕವೂ ಶುಕ್ರವಾರಗಳು ಹಾಗೆಯೇ ನಡೆದವು. ಅಮ್ಮನ, ಕೃಷ್ಣನ ಊಟದ ಜೊತೆಯನ್ನು ನಾನು ತಪ್ಪಿಸಿದ್ದೆ ಎಂದು ಹೊಳೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಗ್ರೀಕನ ಮಾತು ಸುಳ್ಳೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಬೋವಿಕಾನದಲ್ಲಿ ನಾನು ಪಾಠ ಮಾಡುವ ಶಾಲೆಯ ಮಕ್ಕಳಿಗೂ ಅದನ್ನು ಹೇಳಿ ನಗಿಸುತ್ತೇನೆ. ಕಳೆದ ತಿಂಗಳು ನನಗೂ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಆ ಶುಕ್ರವಾರ ಬೆಲ್ಲ ಹಾಕದೆ ಪಾಯಸ ಮಾಡಿದೆ. ಕೃಷ್ಣನ ಮುಂದಿಟ್ಟು, ಬಾಗಿಲು ಓರೆ ಮಾಡಿ, ಹೊರಗೆ ಕಾದು ನಿಂತೆ. ಆಮೇಲೆ ಅದೇ ಬಟ್ಟಲಿನಿಂದ ಉಂಡೆ. ಸಪ್ಪೆಯಾಗಿತ್ತು. ಅಮ್ಮ ಇದ್ದಿದ್ದರೆ ಮೂವರೂ ಅದನ್ನೇ ಉಣ್ಣಬಹುದಿತ್ತು.